ಮದುವೆಯ ಕೇಕು ಮತ್ತು ಅಲಂಕಾರಶಾಸ್ತ್ರ

ಮೂವತ್ತೆರಡು ವರ್ಷ ತರಗತಿಯಲ್ಲಿ ನಿಂತು ಅಲಂಕಾರಶಾಸ್ತ್ರದ ಪಾಠ ಹೇಳಿದವಳು ನಾನು. ಉಪಮೆ, ರೂಪಕ, ದೀಪಕ, ಉತ್ಪ್ರೇಕ್ಷೆ ಮೊದಲಾದವುಗಳ ಲಕ್ಷಣವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ನೂರಾರು ಜನರ ಕಣ್ಣಿಗೆ ಬೀಳುವ ವಸ್ತುವೊಂದನ್ನು ನನ್ನ ಕೈಯಾರೆ ಅಲಂಕರಿಸುವ ಪ್ರಸಂಗ ಒದಗಿದ್ದು ನಿವೃತ್ತಳಾದ ಮೇಲೆ, ಅರವತ್ತಾರನೆಯ ವಯಸ್ಸಿನಲ್ಲಿ. ಆ ವಸ್ತು ಕಾವ್ಯವಲ್ಲ, ದೇವರ ಮಂಟಪವೂ ಅಲ್ಲ; ಒಂದರ ಮೇಲೊಂದಾಗಿ ನಿಂತ ಮೂರು ಅಂತಸ್ತಿನ ಮದುವೆಯ ಕೇಕು! ಆ ಅನುಭವವನ್ನೂ, ಆ ಕೆಲಸದ ಒಳಮರ್ಮವನ್ನೂ, ಅದರ ನೆಪದಲ್ಲಿ ನನಗೆ ತಿಳಿದು ಬಂದ ನನ್ನದೇ ತಪ್ಪೊಂದನ್ನೂ ತಮ್ಮ ಮುಂದಿಡುವುದು ಇಂದಿನ ಮಾತಿನ ಉದ್ದೇಶ.

ಮಡಿಕೇರಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆಗಳಾಚೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಇಪ್ಪತ್ತೈದು ವರ್ಷಗಳ ಹಿಂದೆ ಬಿ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನನ್ನ ಪಾಠ ಕೇಳಿದವಳು. ಈಗ ಮನೆಯಲ್ಲಿಯೇ ಕೇಕು ತಯಾರಿಸಿ ಮಾರುತ್ತಾಳೆ. ಇಬ್ಬರು ಮಕ್ಕಳ ಓದು ಅದರಿಂದಲೇ ನಡೆದಿದೆ. ಕಳೆದ ಏಪ್ರಿಲ್ ತಿಂಗಳಲ್ಲಿ ವಿರಾಜಪೇಟೆಯ ಮದುವೆಯೊಂದಕ್ಕೆ ಮೂರು ಅಂತಸ್ತಿನ ಕೇಕು ಒದಗಿಸುವುದಾಗಿ ಒಪ್ಪಿ ಮುಂಗಡ ಪಡೆದಿದ್ದಳು. ಅಷ್ಟು ದೊಡ್ಡ ಕೆಲಸ ಆಕೆಯ ಪಾಲಿಗೆ ಬಂದದ್ದು ಅದೇ ಮೊದಲು. ಅದಾದ ವಾರದೊಳಗೆ ಹಿತ್ತಲಿನ ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ನೋಡಿಬರಲು ಹೋದ ನನಗೆ ಆಕೆ ಹೇಳಿದ ಮಾತಿದು:

“ಮೇಡಂ, ಬೇಯಿಸುವುದಕ್ಕೆ ನಾದಿನಿ ಇದ್ದಾಳೆ. ಮೇಲಿನ ಕೆಲಸಕ್ಕೆ ಕೈಯಿಲ್ಲ; ಅವಳ ಅಂಗೈ ಬೆವರುತ್ತದೆ, ಸಕ್ಕರೆ ಅಂಟಿಬಿಡುತ್ತದೆ. ನೀವು ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿ ಕಳಿಸುತ್ತೀರಲ್ಲ, ಆ ಕೈ ನನಗೆ ಸಾಕು. ನಾನು ಹೇಳುತ್ತೇನೆ, ನೀವು ಮಾಡಿ. ಈ ಕೆಲಸ ಕೈತಪ್ಪಿದರೆ ಊರಿನಲ್ಲಿ ಇನ್ನು ಯಾರೂ ನನ್ನನ್ನು ನಂಬುವುದಿಲ್ಲ.”

ಒಪ್ಪಿಕೊಂಡೆ. ಒಪ್ಪಿದ ಮೇಲೆ ಹೆದರಿದೆ.

ಕೊಡವರ ಮದುವೆಯಲ್ಲಿ ಕೇಕಿಗೇನು ಕೆಲಸ ಎಂದು ತಾವು ಕೇಳಬಹುದು. ಮೈಸೂರಿನಿಂದ ಬಂದು ಈ ಮಲೆಯ ಮಡಿಲಿನಲ್ಲಿ ನೆಲೆಸಿದ ನಾನೂ ಅದನ್ನೇ ಕೇಳಿದೆ. ಕೊಡವರ ವಿವಾಹ ಪುರೋಹಿತರ ಮಂತ್ರವಿಲ್ಲದೆ, ಹಿರಿಯರ ಹರಕೆಯಿಂದಲೇ ನೆರವೇರುವಂಥದು. ಬಂಧುಗಳು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ ವಧೂವರರನ್ನು ಹರಸುತ್ತಾರೆ. ನೆಲದಲ್ಲಿ ನಿಲ್ಲಿಸಿದ ಬಾಳೆಯ ದಿಂಡುಗಳನ್ನು ಕತ್ತಿಯಿಂದ ಕಡಿದುರುಳಿಸುವುದು ಅಲ್ಲಿ ದೊಡ್ಡ ಗೌರವ. ಇಂಥ ವೀರಸಂಪ್ರದಾಯದ ನಡುವೆ ಸಕ್ಕರೆಯ ಗೋಪುರಕ್ಕೆ ಚೂರಿ ಹಾಕುವುದು ಸರಿಯೆ? ನನ್ನ ಈ ಸಂದೇಹಕ್ಕೆ ಮದುವಣಗಿತ್ತಿಯ ಅಜ್ಜ ನಗುತ್ತ ಉತ್ತರವಿತ್ತರು: “ಬೆಳಿಗ್ಗೆ ನಮ್ಮ ಕ್ರಮ, ಸಂಜೆ ಮಕ್ಕಳ ಸಂತೋಷ. ಬಾಳೆ ಕಡಿದ ಮೇಲೆ ಕೇಕು ಕಡಿದರೆ ಬಾಳೆಗೇನು ನಷ್ಟ, ಟೀಚರೇ?”

ವಿಚಾರಿಸಿ ನೋಡಿದರೆ ಈ ಸೀಮೆಗೆ ಕೇಕು ತೀರ ಹೊಸಬನೂ ಅಲ್ಲ. ವಿರಾಜಪೇಟೆಯಲ್ಲಿ ಕೊಡಗಿನ ಅರಸರ ಆಶ್ರಯ ಪಡೆದು ಬಂದ ಕ್ರೈಸ್ತರ ಸಂತ ಅನ್ನಮ್ಮನವರ ಚರ್ಚಿನ ಚರಿತ್ರೆ ೧೭೯೨ರಿಂದ ಮೊದಲಾಗುತ್ತದೆ. ೧೮೫೪ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಯುರೋಪಿನ ತೋಟಗಾರರು ಒಬ್ಬೊಬ್ಬರಾಗಿ ಬಂದರು; ಅವರೊಂದಿಗೆ ಅವರ ಅಡುಗೆಮನೆಯೂ ಬಂತು. ವಿರಾಜಪೇಟೆಯಿಂದ ಮಾಕುಟ್ಟದ ಕಾಡುದಾರಿಯಲ್ಲಿ ಘಟ್ಟ ಇಳಿದು ಮುಂದೆ ಸಾಗಿದರೆ ಸಿಗುವ ಕರಾವಳಿಯ ಊರು ತಲಶ್ಶೇರಿ. ಅಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ೧೮೮೩ರಲ್ಲಿ ಮರ್ಡಕ್ ಬ್ರೌನ್ ಎಂಬ ತೋಟದ ಮಾಲೀಕನ ಬಯಕೆಯಂತೆ, ಇಂಗ್ಲೆಂಡಿನ ಮಾದರಿಯನ್ನು ರುಚಿ ನೋಡಿ, ಊರಿನಲ್ಲಿ ದೊರೆತ ಸಾಮಗ್ರಿ ಕೂಡಿಸಿ ಕ್ರಿಸ್‌ಮಸ್ ಕೇಕು ಮಾಡಿಕೊಟ್ಟರೆಂದೂ, ನಮ್ಮ ದೇಶದವರೊಬ್ಬರು ಮಾಡಿದ ಮೊದಲ ಕ್ರಿಸ್‌ಮಸ್ ಕೇಕು ಅದೇ ಎಂದೂ ಪ್ರತೀತಿಯುಂಟು. ಬ್ರೌನ್ ದೊರೆ ಬೆರೆಸಲು ಹೇಳಿದ್ದು ಫ್ರಾನ್ಸಿನ ಬ್ರಾಂದಿಯನ್ನು. ಬಾಪು ಬೆರೆಸಿದ್ದು ಊರಿನ ಹಣ್ಣುಗಳಿಂದ ಇಳಿಸಿದ ದ್ರವವನ್ನು. ಪರದೇಶದ ವಸ್ತು ನಮ್ಮದಾಗುವ ಬಗೆ ಇದೇ ಅಲ್ಲವೆ?

ಅಂತಸ್ತಿನ ಕೇಕಿನ ಚರಿತ್ರೆಯೂ ಸ್ವಾರಸ್ಯವಾದುದು. ೧೮೪೦ರಲ್ಲಿ ವಿಕ್ಟೋರಿಯಾ ರಾಣಿಯ ವಿವಾಹಕ್ಕೆ ಸಿದ್ಧವಾದ ಕೇಕು ಮುನ್ನೂರು ಪೌಂಡು ತೂಗುತ್ತಿತ್ತಂತೆ. ಅದರ ಮೇಲಿನ ಬೆಳ್ಳನೆಯ ಸಕ್ಕರೆಯ ಗಾರೆಗೆ ಇಂದಿಗೂ ರಾಯಲ್ ಐಸಿಂಗ್ ಎಂದೇ ಹೆಸರು. ಆ ಕಾಲದ ಅರಮನೆಯ ಕೇಕುಗಳಲ್ಲಿ ತಿನ್ನುವ ಕೇಕು ಕೆಳಗೆ ಮಾತ್ರ. ಮೇಲಿನದು ಬರಿಯ ಸಕ್ಕರೆಯ ಶಿಲ್ಪ. ೧೮೮೨ರಲ್ಲಿ ರಾಣಿಯ ಮಗ ಲಿಯೋಪೋಲ್ಡನ ಮದುವೆಯ ಹೊತ್ತಿಗೆ ಎಲ್ಲ ಅಂತಸ್ತುಗಳೂ ನಿಜವಾದ ಕೇಕುಗಳೇ ಆದವೆಂದು ಹೇಳುತ್ತಾರೆ. ನಮ್ಮ ನಾಡಿನಲ್ಲಿಯೂ ಈ ಕಲೆ ಎಷ್ಟು ಬೆಳೆದಿದೆಯೆಂಬುದನ್ನು ಬೆಂಗಳೂರಿನಲ್ಲಿ ವರ್ಷದ ಕೊನೆಗೆ ನಡೆಯುವ ಕೇಕು ಪ್ರದರ್ಶನದಲ್ಲಿ ಕಾಣಬಹುದು. ೨೦೨೪ರಲ್ಲಿ ಅದರ ೫೦ನೆಯ ಪ್ರದರ್ಶನ ನಡೆಯಿತು. ಸಕ್ಕರೆಯಲ್ಲಿ ಕಡೆದ ಗುಡಿಗೋಪುರಗಳನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುತ್ತಾರೆ.

ಇನ್ನು ಮೂಲವಸ್ತುವಿಗೆ ಬರೋಣ. ಕೇಕಿಗೆ ಹೊದಿಸುವ ಸಕ್ಕರೆಯ ಹಾಳೆಗೆ ಫಾಂಡೆಂಟ್ ಎಂದು ಹೆಸರು. ‘ಕರಗುವುದು’ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ಇದರಲ್ಲಿ ಎರಡು ಬಗೆ. ಸಕ್ಕರೆಯ ಪಾಕವನ್ನು ಹದವಾಗಿ ಕಾಯಿಸಿ, ಆರುತ್ತಿರುವಾಗ ಬಿಡದೆ ತಿರುವಿ, ಬೆಳ್ಳಗಾಗಿಸಿ, ಸುರಿಯುವಂಥದು ಮೊದಲನೆಯದು. ಇದನ್ನು ಕೇಳಿದೊಡನೆ ನನಗೆ ಮೈಸೂರಿನ ನಮ್ಮ ತಾಯಿಯ ಅಡುಗೆಮನೆ ಕಣ್ಣೆದುರು ಬಂದಿತು. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ನಾವು ಮಾಡುವುದೂ ಅದನ್ನೇ. ಪಾಕಕ್ಕೆ ತುಸು ಹಾಲು ಹಾಕಿ ಕೊಳೆ ತೆಗೆದು, ನಿಂಬೆಯ ರಸ ಹಿಂಡಿ, ಹದ ಬಂದಾಗ ತಿರುವಿದರೆ ಪಾರದರ್ಶಕವಾಗಿದ್ದ ಪಾಕ ಇದ್ದಕ್ಕಿದ್ದಂತೆ ಮಂಜುಗಟ್ಟಿದಂತೆ ಬೆಳ್ಳಗಾಗುತ್ತದೆ. ಸಕ್ಕರೆ ಮತ್ತೆ ಹರಳಾಗುವ ಗಳಿಗೆ ಅದು. ಬಿಡದೆ ತಿರುವಿದರೆ ಹರಳು ಸಣ್ಣದಾಗಿ ನುಣುಪು ಬರುತ್ತದೆ; ಸುಮ್ಮನೆ ಬಿಟ್ಟರೆ ಹರಳು ದಪ್ಪವಾಗಿ ಕಲ್ಲುಸಕ್ಕರೆಯಾಗುತ್ತದೆ. ನಿಂಬೆಯ ಹುಳಿ ಸಕ್ಕರೆಯ ಒಂದಂಶವನ್ನು ಒಡೆದು, ಹರಳುಗಳು ದೊಡ್ಡದಾಗದಂತೆ ತಡೆಯುತ್ತದೆ. ಫ್ರಾನ್ಸಿನ ಮಿಠಾಯಿಗಾರನೂ ನಮ್ಮ ತಾಯಿಯೂ ಒಂದೇ ಶಾಸ್ತ್ರವನ್ನು ಬೇರೆ ಬೇರೆ ಗುರುಗಳಿಂದ ಕಲಿತವರು!

ಎರಡನೆಯ ಬಗೆಯದು ಚಪಾತಿಯಂತೆ ಲಟ್ಟಿಸಿ ಹೊದಿಸುವಂಥದು. ಮದುವೆಯ ಕೇಕಿಗೆ ಬೇಕಾದದ್ದು ಇದು. ನುಣ್ಣಗೆ ಬೀಸಿದ ಐಸಿಂಗ್ ಸಕ್ಕರೆಗೆ ಗ್ಲುಕೋಸ್ ಪಾಕ, ನೀರಿನಲ್ಲಿ ನೆನೆಸಿ ಕರಗಿಸಿದ ಜೆಲಟಿನ್, ತುಸು ಗ್ಲಿಸರಿನ್, ತುಸು ಸಸ್ಯಜನ್ಯ ಕೊಬ್ಬು ಸೇರಿಸಿ ನಾದುತ್ತಾರೆ. ಮಾಂಸಾಹಾರ ಒಲ್ಲದವರು ಜೆಲಟಿನ್ನಿಗೆ ಬದಲಾಗಿ ಸಮುದ್ರದ ಪಾಚಿಯಿಂದ ತೆಗೆದ ಅಗರ್ ಅಗರ್ ಅಥವಾ ಅಂಟುಪುಡಿಗಳನ್ನು ಬಳಸುವುದುಂಟು. ಒಂದೊಂದಕ್ಕೂ ಒಂದೊಂದು ಕಾರ್ಯ: ಸಕ್ಕರೆ ಮೈ, ಗ್ಲುಕೋಸ್ ಬಳುಕು, ಜೆಲಟಿನ್ ಹಿಡಿತ, ಗ್ಲಿಸರಿನ್ ತೇವ, ಕೊಬ್ಬು ನುಣುಪು. ಒಂದು ಹೆಚ್ಚಾದರೆ ಹಿಟ್ಟು ಜೋಲುತ್ತದೆ, ಒಂದು ಕಡಿಮೆಯಾದರೆ ಸೀಳುತ್ತದೆ. ಅಂಗಡಿಯಲ್ಲಿ ಸಿದ್ಧವಾದದ್ದೇ ದೊರೆಯುತ್ತದೆ. ನಾವೂ ಅದನ್ನೇ ತರಿಸಿದೆವು. ಮೊದಲ ಬಾರಿಗೆ ಕೈಯಿಕ್ಕುವವರಿಗೆ ನಾನು ಹೇಳುವುದೂ ಅದನ್ನೇ. ಹದ ತಪ್ಪಿದ್ದು ಹಿಟ್ಟಿನದೋ ಕೈಯದೋ ಎಂಬ ಸಂಶಯವಾದರೂ ತಪ್ಪುತ್ತದೆ.

ಮೊದಲ ದಿನ ನಾನು ಉತ್ಸಾಹದಿಂದ ಲಟ್ಟಣಿಗೆ ಹಿಡಿದುಕೊಂಡು ಹೋದೆ. ಆಕೆ ನನಗೆ ಲಟ್ಟಣಿಗೆ ಮುಟ್ಟಲೂ ಬಿಡಲಿಲ್ಲ. ಎರಡು ದಿನ ಕೆಳಗಿನ ಕೆಲಸವೇ ನಡೆಯಿತು. ಹನ್ನೆರಡು, ಒಂಬತ್ತು, ಆರು ಅಂಗುಲ ವ್ಯಾಸದ ಮೂರು ದುಂಡು ಕೇಕುಗಳು. ಒಂದೊಂದೂ ನಾಲ್ಕು ಅಂಗುಲ ಎತ್ತರ. ಹಗುರವಾದ ಸ್ಪಂಜಿನಂಥ ಕೇಕು ಮೇಲಿನ ಭಾರಕ್ಕೆ ಕುಸಿಯುವುದರಿಂದ ಬೆಣ್ಣೆ ಹಾಕಿದ ಗಟ್ಟಿ ಬಗೆಯನ್ನು ಆರಿಸಿದ್ದಳು. ಉಬ್ಬಿದ ತಲೆಯನ್ನು ಕತ್ತರಿಸಿ ಮಟ್ಟ ಮಾಡಬೇಕು. ಆಮೇಲೆ ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕೆನೆ ಸೇರಿಸಿ ಮಾಡಿದ, ಗನಾಶ್ ಎಂಬ ಮಂದವಾದ ಲೇಪವನ್ನು ಸುತ್ತಲೂ ಬಳಿಯಬೇಕು. ಮೊದಲು ತೆಳ್ಳನೆಯ ಲೇಪ. ಉದುರುವ ಪುಡಿಯೆಲ್ಲ ಅದರಲ್ಲಿ ಅಂಟಿಕೊಳ್ಳುತ್ತದೆ. ಅದು ಬಿಗಿದ ಮೇಲೆ ದಪ್ಪನೆಯ ಲೇಪ. ತಿರುಗುಮಣೆಯ ಮೇಲಿಟ್ಟು, ನೆಟ್ಟಗಿನ ಪಟ್ಟಿಯೊಂದನ್ನು ಆನಿಸಿ ಹಿಡಿದು ತಿರುಗಿಸಿದರೆ ಗೋಡೆ ಗಾರೆ ಮಾಡಿದಂತೆ ಸಮನಾಗುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಗಟ್ಟಿಯಾಗುತ್ತದೆ.

“ಇಷ್ಟು ಯಾಕೆ ಕಷ್ಟ? ಮೇಲೆ ಹಾಳೆ ಹೊದಿಸಿದರೆ ಎಲ್ಲ ಮುಚ್ಚಿಹೋಗುವುದಿಲ್ಲವೆ?” ಎಂದು ಕೇಳಿದೆ.

“ಇಲ್ಲ ಮೇಡಂ, ಅದು ಮುಚ್ಚುವುದಿಲ್ಲ, ತೋರಿಸುತ್ತದೆ,” ಎಂದಳು.

ಆಕೆಯ ಮಾತಿನ ನಿಜ ಮೂರನೆಯ ದಿನ ಗೊತ್ತಾಯಿತು. ಹೊದಿಕೆಯ ದಪ್ಪ ನಾಲ್ಕು ಮಿಲಿಮೀಟರು, ಎಂದರೆ ನಮ್ಮ ಅಕ್ಕಿರೊಟ್ಟಿಗಿಂತ ತುಸು ದಪ್ಪ. ಅದರ ಕೆಳಗೆ ಒಂದು ಕಡಲೆಯಷ್ಟು ಉಬ್ಬಿದ್ದರೂ, ಒಂದು ಬೆರಳಿನ ಗುರುತಿದ್ದರೂ, ಬೆಳ್ಳನೆಯ ಮೈಮೇಲೆ ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ. ಕಾವ್ಯದಲ್ಲಿಯೂ ಹೀಗೆಯೇ. ಅರ್ಥದಲ್ಲಿ ತಗ್ಗುದಿಣ್ಣೆಗಳಿದ್ದರೆ ಮೇಲಿನ ಉಪಮೆ ಅವನ್ನು ಮರೆಸುವುದಿಲ್ಲ, ಮೆರೆಸುತ್ತದೆ. ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ನಮ್ಮ ಕವಿರಾಜಮಾರ್ಗವೂ ಮೊದಲ ಪರಿಚ್ಛೇದದಲ್ಲಿ ದೋಷಗಳ ವಿಚಾರವನ್ನು ಎತ್ತಿಕೊಂಡು, ಅನಂತರವೇ ಶಬ್ದಾಲಂಕಾರ ಅರ್ಥಾಲಂಕಾರಗಳಿಗೆ ಬರುತ್ತದೆ. ಆ ಕ್ರಮ ಏಕೆ ಎಂದು ನಾನು ತರಗತಿಯಲ್ಲಿ ಎಂದೂ ಯೋಚಿಸಿರಲಿಲ್ಲ.

ಹಾಳೆಯ ಅಳತೆಗೆ ಒಂದು ಲೆಕ್ಕವುಂಟು. ಕೇಕಿನ ವ್ಯಾಸಕ್ಕೆ ಎತ್ತರದ ಎರಡರಷ್ಟನ್ನು ಕೂಡಿಸಿ, ಅಂಚಿಗೆಂದು ಎರಡು ಅಂಗುಲ ಸೇರಿಸಬೇಕು. ಹನ್ನೆರಡು ಅಂಗುಲದ ಕೇಕಿಗೆ ಇಪ್ಪತ್ತೆರಡು ಅಂಗುಲದ ಹಾಳೆ, ಒಂಬತ್ತರದಕ್ಕೆ ಹತ್ತೊಂಬತ್ತು, ಆರರದಕ್ಕೆ ಹದಿನಾರು. ಮೂರಕ್ಕೂ ಸೇರಿ ಮೂರು ಕಿಲೋಗೆ ಮಿಕ್ಕಿ ಫಾಂಡೆಂಟ್ ಬೇಕಾಯಿತು. ತಣ್ಣಗೆ ಬಿಗಿದಿರುವ ಮುದ್ದೆಯನ್ನು ಮೆತ್ತಗಾಗುವವರೆಗೆ ನಾದಿ, ಮಣೆಯ ಮೇಲೆ ತುಸುವೇ ಕಾರ್ನ್‌ಫ್ಲೋರ್ ಉದುರಿಸಿ, ಪ್ರತಿ ಸಲವೂ ಹಾಳೆಯನ್ನು ಕಾಲುಸುತ್ತು ತಿರುಗಿಸುತ್ತ ನಡುವಿನಿಂದ ಹೊರಗೆ ಲಟ್ಟಿಸಬೇಕು. ಹಿಟ್ಟು ಹೆಚ್ಚು ಉದುರಿಸಿದರೆ ಹಾಳೆ ಒಣಗುತ್ತದೆ. ನಿಧಾನ ಮಾಡಿದರೂ ಒಣಗುತ್ತದೆ. ಒಣಗಿದ ಹಾಳೆಯ ಅಂಚಿನಲ್ಲಿ ಸಣ್ಣ ಸಣ್ಣ ಸುಕ್ಕು ಬಿರುಕುಗಳು ಏಳುತ್ತವೆ. ಇದಕ್ಕೆ ಕೇಕಿನವರು ಆನೆಯ ಚರ್ಮ ಎನ್ನುತ್ತಾರೆ. ದುಬಾರೆಯ ಆನೆಗಳನ್ನು ಹತ್ತಿರದಿಂದ ಕಂಡ ನಮಗೆ ಈ ಹೆಸರನ್ನು ವಿವರಿಸಬೇಕಿಲ್ಲ. ಕೈಗೆ ತುಸು ಕೊಬ್ಬು ಸವರಿಕೊಂಡು ದುಂಡಗೆ ಉಜ್ಜಿದರೆ ಸಣ್ಣ ಸುಕ್ಕು ಮಾಯುತ್ತದೆ.

ಲಟ್ಟಿಸಿದ ಹಾಳೆಯನ್ನು ಲಟ್ಟಣಿಗೆಗೆ ಸುತ್ತಿ ಎತ್ತಿ, ತೆಳುಪಾಕ ಸವರಿದ ಕೇಕಿನ ಮೇಲೆ ಬಿಚ್ಚಬೇಕು. ಇಲ್ಲಿಂದ ಮುಂದಿನ ಎರಡು ಮೂರು ನಿಮಿಷಗಳಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ಮೊದಲು ನೆತ್ತಿಯನ್ನು ನಡುವಿನಿಂದ ಹೊರಕ್ಕೆ ಸವರಿ ಗಾಳಿಯನ್ನು ಹೊರಹಾಕಬೇಕು. ಕೂಡಲೇ ಅಂಚಿನ ತಿರುವನ್ನು, ಎಂದರೆ ಭುಜವನ್ನು, ಅಂಗೈಯಿಂದ ಒತ್ತಿ ನಿಲ್ಲಿಸಬೇಕು; ಕೆಳಗೆ ಜೋತುಬಿದ್ದ ಹಾಳೆಯ ಭಾರ ಭುಜವನ್ನೇ ಜಗ್ಗುವುದರಿಂದ ಹರಿಯುವುದು ಅಲ್ಲಿಯೇ. ಆಮೇಲೆ ಬದಿಗಳು. ಹಾಳೆ ಸೀರೆಯ ನಿರಿಗೆಯಂತೆ ಮಡಿಕೆಗಟ್ಟುತ್ತದೆ. ಮಡಿಕೆಯನ್ನು ಒತ್ತಿಬಿಡಬೇಕೆಂದು ಕೈ ತವಕಿಸುತ್ತದೆ. ಒತ್ತಕೂಡದು. ಒಂದು ಕೈಯಿಂದ ನಿರಿಗೆಯನ್ನು ಮೆಲ್ಲನೆ ಹೊರಕ್ಕೆ ಬಿಡಿಸಿ, ಇನ್ನೊಂದು ಕೈಯಿಂದ ಮೇಲಿನಿಂದ ಕೆಳಕ್ಕೆ ಸವರುತ್ತ, ಸುತ್ತಲೂ ಬರಬೇಕು. ಬುಡಕ್ಕೆ ಬಂದ ಮೇಲೆ ಹೆಚ್ಚಿದ್ದನ್ನು ಚೂರಿಯಿಂದ ಕತ್ತರಿಸಬೇಕು. ಎಲ್ಲಿಯಾದರೂ ಗಾಳಿ ಉಳಿದು ಗುಳ್ಳೆಯೆದ್ದರೆ ಸಣ್ಣ ಸೂಜಿಯಿಂದ ಓರೆಯಾಗಿ ಚುಚ್ಚಿ ಸವರಬೇಕು; ಆ ಸೂಜಿಯನ್ನು ಎಲ್ಲಿಟ್ಟೆವೆಂದು ಮರೆಯಕೂಡದು.

ಹೇಳುವುದು ಸುಲಭ. ನನ್ನ ಮೊದಲ ಹಾಳೆ ಎತ್ತುವಾಗಲೇ ಎರಡಾಗಿ ಹರಿಯಿತು. ಎರಡನೆಯದು ನೆಟ್ಟಗೆ ಕುಳಿತಿತು. ಒಂಬತ್ತು ಅಂಗುಲದ ನಡು ಅಂತಸ್ತಿಗೆ ಹೊದಿಸುತ್ತಿರುವಾಗ ಹೊರಗೆ ಗುಡುಗಿ, ಏಪ್ರಿಲ್ ತಿಂಗಳ ಮಳೆ ಸುರಿಯತೊಡಗಿತು, ವಿದ್ಯುತ್ತೂ ಹೋಯಿತು. ಮೊಂಬತ್ತಿ ಹುಡುಕುವ ಗಡಿಬಿಡಿಯಲ್ಲಿ ನಾನು ಭುಜವನ್ನು ಒತ್ತಿಹಿಡಿಯುವುದನ್ನು ಮರೆತೆ. ಬೆಳಕು ಬಂದಾಗ ನೋಡಿದರೆ ಭುಜದ ಮೇಲೆ ಒಂದಂಗುಲದ ಸೀಳು.

ಸಮುದ್ರಮಟ್ಟದಿಂದ ಸುಮಾರು ೩೮೦೦ ಅಡಿ ಎತ್ತರದ ಮಡಿಕೇರಿಯಲ್ಲಿ ಸಕ್ಕರೆಯ ಕೆಲಸಕ್ಕೆ ದೊಡ್ಡ ಶತ್ರು ಗಾಳಿಯ ತೇವ. ಸಕ್ಕರೆಗೂ ಗ್ಲಿಸರಿನ್ನಿಗೂ ತೇವವನ್ನು ಹೀರುವ ಗುಣವಿದೆ. ಮಳೆ ಬಂದೊಡನೆ ಹಾಳೆಯ ಮೈ ಜಿಗುಟಾಗಿ ಹೊಳೆಯತೊಡಗುತ್ತದೆ. ತಂಪುಪೆಟ್ಟಿಗೆಯಲ್ಲಿಟ್ಟರೆ ಉಳಿಯುವುದೆಂದು ಹೊಸಬರು ಭಾವಿಸುತ್ತಾರೆ. ಇಟ್ಟಾಗ ಉಳಿಯುವುದು ನಿಜ, ಹೊರತೆಗೆದಾಗ ತಣ್ಣನೆಯ ಮೈಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂಡುತ್ತದೆ. ಅದಕ್ಕೆ ಉಪಾಯವೆಂದರೆ ಕೇಕನ್ನು ರಟ್ಟಿನ ಪೆಟ್ಟಿಗೆಯೊಳಗೆ ಮುಚ್ಚಿಯೇ ತಂಪಿನಲ್ಲಿಡುವುದು, ಹೊರತೆಗೆದ ಮೇಲೂ ಕೋಣೆಯ ಬಿಸುಪಿಗೆ ಬರುವ ತನಕ ಪೆಟ್ಟಿಗೆಯನ್ನು ತೆರೆಯದಿರುವುದು. ಇಬ್ಬನಿ ಪೆಟ್ಟಿಗೆಯ ಹೊರಮೈಗೆ ಕೂಡಿ ಅಲ್ಲಿಯೇ ಆರಿಹೋಗುತ್ತದೆ. ಹಾಗೂ ಬೆವತರೆ ಮುಟ್ಟದೆ, ಒರೆಸದೆ, ಬೀಸಣಿಗೆಯ ಗಾಳಿಗೆ ಬಿಡಬೇಕು. ತಾಳ್ಮೆಯ ಹೊರತು ಬೇರೆ ಮದ್ದಿಲ್ಲ.

ಸೀಳಿಗೆ ಹಾಳೆಯ ಚೂರನ್ನು ಹನಿ ನೀರಿನಲ್ಲಿ ಕಲಸಿ ತುಂಬಿದೆವು. ಗಾಯ ಕೂಡಿತು, ಗೆರೆ ಉಳಿಯಿತು.

ಇನ್ನು ಅಂತಸ್ತಿನ ಗುಟ್ಟು. ಮೇಲಿನ ಕೇಕು ಕೆಳಗಿನ ಕೇಕಿನ ಮೇಲೆ ಕುಳಿತಿದೆಯೆಂದು ನೋಡುವವರು ತಿಳಿಯುತ್ತಾರೆ. ನಿಜವಾಗಿ ಅದು ಕುಳಿತಿರುವುದು ಕೆಳಗಿನದರೊಳಗೆ ಅಡಗಿರುವ ಕಡ್ಡಿಗಳ ಮೇಲೆ. ಪ್ರತಿ ಅಂತಸ್ತಿನ ಅಡಿಯಲ್ಲಿಯೂ ಅದರಷ್ಟೇ ಅಗಲದ ಗಟ್ಟಿ ರಟ್ಟು ಇರುತ್ತದೆ. ಕೆಳಗಿನ ಕೇಕಿನಲ್ಲಿ, ಮೇಲಿನದು ಕೂರುವ ವೃತ್ತದೊಳಗೆ, ತೊಳೆದು ಒಣಗಿಸಿದ ಕಡ್ಡಿಗಳನ್ನು ತಳ ಮುಟ್ಟುವಂತೆ ನೆಡಬೇಕು. ಒಂದನ್ನು ನೆಟ್ಟು ಮೇಲ್ಮೈಗೆ ಸರಿಯಾಗಿ ಗುರುತು ಹಾಕಿ, ಹೊರತೆಗೆದು, ಉಳಿದವನ್ನೆಲ್ಲ ಅದೇ ಅಳತೆಗೆ ಕತ್ತರಿಸಬೇಕು. ಒಂದು ಕಡ್ಡಿ ಕೂದಲೆಳೆಯಷ್ಟು ಗಿಡ್ಡವಾದರೂ ಗೋಪುರ ಆ ಕಡೆಗೆ ವಾಲುತ್ತದೆ. ನಮ್ಮ ಕೇಕಿಗೆ ಕೆಳ ಅಂತಸ್ತಿನಲ್ಲಿ ಐದು, ನಡುವಿನದರಲ್ಲಿ ನಾಲ್ಕು. ಎಲ್ಲವೂ ಸೇರಿ ಹನ್ನೆರಡು ಕಿಲೋದಷ್ಟಾದ ಆ ಕೇಕಿನ ಭಾರ ಹೀಗೆ ಕಡ್ಡಿಯಿಂದ ರಟ್ಟಿಗೆ, ರಟ್ಟಿನಿಂದ ಕಡ್ಡಿಗೆ ಇಳಿದು ಮೇಜನ್ನು ಮುಟ್ಟುತ್ತದೆ. ನಡುವೆ ಕೇಕಿನ ಮೆತ್ತನೆಯ ಮೈಗೆ ನೋವಿಲ್ಲ. ಕಾಣುವ ಚೆಲುವನ್ನು ಹೊತ್ತು ನಿಲ್ಲುವುದು ಕಾಣದ ಬಡಕಡ್ಡಿಗಳು.

ಕೊನೆಯದು ಹೂವಿನ ಕೆಲಸ. ಮದುವಣಗಿತ್ತಿ ಕಾಫಿ ತೋಟದ ಮಗಳು. ಮಾರ್ಚಿಯ ಹೂಮಳೆಯ ಬಳಿಕ ತೋಟವೆಲ್ಲ ಬಿಳಿಯ ಸರ ತೊಟ್ಟು ಮಲ್ಲಿಗೆಯಂತೆ ಕಂಪು ಬೀರುವ ಆ ಕೆಲವೇ ದಿನಗಳನ್ನು ಕೇಕಿನ ಮೇಲೆ ತರಬೇಕೆಂದು ಆಕೆಯ ಆಸೆ. ಫಾಂಡೆಂಟಿಗೆ ಸಿ.ಎಂ.ಸಿ. ಎಂಬ ಅಂಟುಪುಡಿಯನ್ನು ಚಿಟಿಕೆ ಬೆರೆಸಿದರೆ ಬೇಗ ಒಣಗಿ ಗಟ್ಟಿಯಾಗುತ್ತದೆ. ಅದನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಐದೈದು ಎಸಳುಗಳ ಹೂ ಕತ್ತರಿಸಿ, ಎಸಳನ್ನು ಬೆರಳ ತುದಿಯಿಂದ ನೇವರಿಸಿ ಬಾಗಿಸಿ ಒಣಗಲಿಟ್ಟೆ. ಇದರಲ್ಲಿ ನನ್ನ ಕೈ ಓಡಿತು. ಎರಡು ರಾತ್ರಿ ಕುಳಿತು ಅರವತ್ತು ಹೂ ಮಾಡಿದೆ. ವರ ತೊಡುವ ಬಿಳಿಯ ಕುಪ್ಯದ ಮೇಲೆ ಸುತ್ತುವ ಕೆಂಪು ರೇಷ್ಮೆಯ ಚೇಲೆಯ ನೆನಪಿಗಾಗಿ ಪ್ರತಿ ಅಂತಸ್ತಿನ ಬುಡಕ್ಕೂ ಕೆಂಪು ಫಾಂಡೆಂಟಿನ ಪಟ್ಟಿ ಸುತ್ತಿದೆವು.

ಮದುವೆಯ ಹಿಂದಿನ ರಾತ್ರಿ ಹೂಗಳನ್ನು ಅಂಟಿಸತೊಡಗಿದೆ. ಆಕೆ ಮುರಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಎದುರಿಗೆ ಕುಳಿತಿದ್ದಳು. ಕೆಳಗಿನ ಅಂಚಿನಿಂದ ಓರೆಯಾಗಿ ಮೇಲಕ್ಕೇರುವ ಒಂದು ಗೊಂಚಲಿನ ಸಾಲು. ಇಪ್ಪತ್ತೆರಡು ಹೂಗಳಾದವು. ಆಮೇಲೆ ಆ ಸೀಳಿನ ಗೆರೆ ನನ್ನ ಕಣ್ಣನ್ನು ಚುಚ್ಚತೊಡಗಿತು. ಉಳಿದ ಹೂಗಳನ್ನೆಲ್ಲ ನಡು ಅಂತಸ್ತಿಗೆ ಮಾಲೆಯಾಗಿ ಸುತ್ತಿ ಅದನ್ನು ಮುಚ್ಚಬೇಕೆಂದು ಕೈ ಚಾಚಿದೆ.

“ಸಾಕು ಮೇಡಂ,” ಎಂದಳು ಆಕೆ. “ಗೆರೆಯನ್ನು ಹಿಂಬದಿಗೆ ತಿರುಗಿಸಿಡೋಣ. ಹೂ ಹೇರಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.”

ನಾನು ಕೈ ಹಿಂತೆಗೆದೆ. ದೂರ ನಿಂತು ನೋಡಿದೆ. ಬಿಳಿಯ ಬಯಲಿನ ನಡುವೆ ಆ ಇಪ್ಪತ್ತೆರಡು ಹೂಗಳು ಉಸಿರಾಡುತ್ತಿದ್ದವು. ಇನ್ನೊಂದು ಬೇಡವಾಗಿತ್ತು. ಆಗ ಮಿಂಚಿದಂತೆ ಒಂದು ಹಳೆಯ ನೆನಪು ಬಂದಿತು.

ಅಲಂಕಾರ ಎಂಬ ಶಬ್ದವನ್ನು ಬಿಡಿಸಿದರೆ ‘ಅಲಂ’ ಮತ್ತು ‘ಕಾರ’. ಸಂಸ್ಕೃತದಲ್ಲಿ ಅಲಂ ಎಂದರೆ ಸಾಕು, ಪರ್ಯಾಪ್ತ. ಸಾಕೆನ್ನುವಂತೆ ಮಾಡುವುದು ಅಲಂಕಾರ. ಇದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಿದ್ದೆ. ಅಂಥದೊಂದು ವರ್ಷದ ಕಿರುಪರೀಕ್ಷೆಯಲ್ಲಿ ‘ಅಲಂಕಾರ ಎಂದರೇನು?’ ಎಂಬ ಪ್ರಶ್ನೆಗೆ, ಮನೆಯಲ್ಲಿ ಕೊಡವತಕ್ಕ್ ಆಡಿ ಬೆಳೆದು ಪುಸ್ತಕದ ಕನ್ನಡದೊಡನೆ ಹೆಣಗಾಡುತ್ತಿದ್ದ ಒಬ್ಬ ಹುಡುಗಿ, “ಅಲಂಕಾರ ಎಂದರೆ ಸಾಕು ಮಾಡುವುದು” ಎಂದು ಬರೆದಿದ್ದಳು. ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. “ಪಾಠ ಸಾಕು ಮಾಡಿ ಎನ್ನುವುದಕ್ಕೆ ಇದೊಂದು ಅಲಂಕಾರ” ಎಂದು ಚಟಾಕಿಯನ್ನೂ ಹಾರಿಸಿದೆ. ತರಗತಿ ಘೊಳ್ಳೆಂದು ನಕ್ಕಿತು. ಉತ್ತರಕ್ಕೆ ಸೊನ್ನೆ ಹಾಕಿದ್ದೆ.

“ಆ ಉತ್ತರ ನಿನ್ನದಲ್ಲವೇನಮ್ಮ?” ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಹೌದು ಮೇಡಂ. ಅದಕ್ಕೆ ಮೊದಲು ನಾನು ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದೆ.”

ಕೊನೆಯ ಬೆಂಚಿನವಳೆಂದು ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದವಳನ್ನು ಕೊನೆಯ ಬೆಂಚಿಗೆ ಕಳಿಸಿದ್ದು ನಾನೇ. ಮಾತು ಹೊರಡಲಿಲ್ಲ. ಆಕೆಯೇ, “ಚಹಾ ಮಾಡಿಸಲೇ ಮೇಡಂ?” ಎಂದು ವಿಷಯವನ್ನು ಬದಲಿಸಿದಳು.

ಮಾರನೆಯ ದಿನ ಮೂರು ಅಂತಸ್ತುಗಳನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು, ವಾಹನದ ಆಸನದ ಮೇಲಲ್ಲ, ಜಾರದ ಹಾಸು ಹಾಸಿದ ಸಮನೆಲದ ಮೇಲೆ ನಿಲ್ಲಿಸಿ, ಮೂರ್ನಾಡಿನ ಮಾರ್ಗವಾಗಿ ಸುಮಾರು ೩೦ ಕಿಲೋಮೀಟರು ದೂರದ ವಿರಾಜಪೇಟೆಗೆ ಒಯ್ದೆವು. ತಿರುವುಗಳ ಆ ದಾರಿಯಲ್ಲಿ ಕೂಡಿಸಿದ ಗೋಪುರವನ್ನು ಒಯ್ಯುವುದು ಅವಿವೇಕ; ಕೂಡಿಸುವುದು ಮಂಟಪದ ಮೇಜಿನ ಮೇಲೆಯೇ. ಅಂತಸ್ತುಗಳ ಸಂದಿನಲ್ಲಿ ಬೀಳುವ ಹೂಗಳನ್ನು ಅಲ್ಲಿಯೇ ಅಂಟಿಸಿದೆ. ಗೆರೆ ಹಿಂಬದಿಯ ಗೋಡೆಯನ್ನು ನೋಡುತ್ತಿತ್ತು. ಬೆಳಿಗ್ಗೆ ಬಾಳೆ ಕಡಿದ ಬಂಧುಗಳು ಸಂಜೆ ಕೇಕಿನ ಸುತ್ತ ನಿಂತರು. ಹಂಚಲು ಕತ್ತರಿಸುವ ಮೊದಲು ಕಡ್ಡಿಗಳನ್ನು ಎಣಿಸಿ ಒಂಬತ್ತನ್ನೂ ಹೊರತೆಗೆದೆವು. ಮಕ್ಕಳ ಬಾಯಿಗೆ ಒಂದೂ ಹೋಗಬಾರದಷ್ಟೆ. ಮದುವಣಗಿತ್ತಿಯ ಅಜ್ಜ ಒಂದು ಸಕ್ಕರೆಯ ಹೂವನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ, “ವಾಸನೆ ಒಂದು ಇಲ್ಲ, ಅಷ್ಟೆ” ಎಂದರು. ಆ ವಾರವೇ ನನ್ನ ವಿದ್ಯಾರ್ಥಿನಿಗೆ ಇನ್ನೆರಡು ಮದುವೆಗಳ ಕೆಲಸ ಬಂದಿತು. ಆಕೆಯ ಕೈ ಈಗ ಕೂಡಿದೆ. ನನ್ನ ಸಹಾಯ ಬೇಕಿಲ್ಲ.

ಮೊದಲ ಬಾರಿಗೆ ಇಂಥ ಕೆಲಸಕ್ಕೆ ಕೈಹಾಕುವವರಿಗೆ ನಾನು ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳಬಹುದು. ಕೆಳಗಿನದನ್ನು ಮೊದಲು ನೇರ್ಪಡಿಸಿ. ಭಾರವನ್ನು ಹೊರುವವರು ಯಾರೆಂದು ತಿಳಿದುಕೊಳ್ಳಿ. ಸಾಕೆನಿಸಿದ ಕಡೆ ಕೈ ನಿಲ್ಲಿಸಿ.

ಇನ್ನೊಂದು ಮಾತು ಉಳಿದಿದೆ. ಅಂದಿನ ಆ ಉತ್ತರ ಸರಿಯಾಗಿತ್ತು. ಅಲಂಕಾರ ಎಂದರೆ ಸಾಕು ಮಾಡುವುದೇ. ಅದನ್ನು ಬರೆದವಳಿಗೆ ಇಪ್ಪತ್ತೈದು ವರ್ಷ ತಡವಾಗಿಯಾದರೂ ಪೂರ್ಣಾಂಕ ಕೊಡುತ್ತಿದ್ದೇನೆ. ಅವಳ ಮನೆಯಲ್ಲಿ, ಚಹಾ ಕುಡಿಯುತ್ತ, ಕ್ಷಮೆ ಕೇಳಬಹುದಾಗಿತ್ತು. ಆದರೆ ನಾನು ಅವಳನ್ನು ನಗೆಗೀಡು ಮಾಡಿದ್ದು ನಾಲ್ಕು ಜನರೆದುರಿಗೆ. ಕ್ಷಮೆಯನ್ನೂ ನಾಲ್ಕು ಜನ ಕೇಳುವಂತೆಯೇ ಕೇಳುವುದು ನ್ಯಾಯವೆಂದು ತೋರಿತು. ಅದಕ್ಕಾಗಿಯೇ ಈ ಬಾನುಲಿಯ ಮಾತು. ನಾಲ್ಕು ಮನೆಗಳಾಚೆ ಆಕೆ ಈ ಹೊತ್ತು ರೇಡಿಯೋ ಹಚ್ಚಿ ಕುಳಿತಿರುವಳೆಂದು ನಂಬಿದ್ದೇನೆ.

(ಆಕಾಶವಾಣಿಯ ಕೃಪೆಯಿಂದ)